ಮಂಜಿಷ್ಠದ ಬೇರಿಗೆ ‘ಸಂಶೋಧನೆ’ಯ ಮುದ್ರೆ

‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಮಾತು ಇಂದು ಗಿಡಮೂಲಿಕೆಗಳ ಸೀಸೆ, ಡಬ್ಬಿ, ಪೊಟ್ಟಣಗಳ ಮೇಲೆಲ್ಲ ಕಾಣಸಿಗುತ್ತದೆ. ಚರ್ಮದ ಕಾಂತಿಗೆ ಮಂಜಿಷ್ಠ, ಮಲಬದ್ಧತೆಗೆ ಸೋನಾಮುಖಿ, ದೇಹಶುದ್ಧಿಗೆ ಲೋಳೆಸರ, ಸಕಲ ರೋಗಕ್ಕೂ ನೋನಿ. ಬೇರೆ ಬೇರೆಯೆಂದು ತೋರುವ ಈ ನಾಲ್ಕೂ ಗಿಡಗಳಲ್ಲಿ ಒಂದೇ ರಾಸಾಯನಿಕ ಕುಟುಂಬದ ವಸ್ತುಗಳಿವೆ. ಆ ಕುಟುಂಬದ ಹೆಸರು ಆಂಥ್ರಾಕ್ವಿನೋನ್. ಅದರ ಮೇಲೆ ಸುಮಾರು ಎರಡು ಶತಮಾನಗಳಿಂದ ನಡೆದಿರುವ ಸಂಶೋಧನೆ ನಿಜಕ್ಕೂ ಏನನ್ನು ಹೇಳುತ್ತದೆ, ಮಾರುಕಟ್ಟೆ ಅದನ್ನು ಏನೆಂದು ಓದಿಕೊಳ್ಳುತ್ತದೆ, ಈ ಎರಡರ ನಡುವಿನ ಅಂತರಕ್ಕೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಗಳು ಮಲೆನಾಡಿನ ಮಟ್ಟಿಗೆ ಕೇವಲ ಶಾಸ್ತ್ರಚರ್ಚೆಯಲ್ಲ. ಕಾಡಿನಂಚಿನ ಬಳ್ಳಿಯೂ ಅದನ್ನು ನಂಬಿ ಬದುಕುವ ಜನರೂ ಈ ಪ್ರಶ್ನೆಗಳ ಉತ್ತರಕ್ಕೆ ಕಟ್ಟುಬಿದ್ದಿದ್ದಾರೆ.

ಇಂಗಾಲದ ಮೂರು ಉಂಗುರಗಳು ಸಾಲಾಗಿ ಬೆಸೆದುಕೊಂಡು, ನಡುವಿನ ಉಂಗುರದಲ್ಲಿ ಎರಡು ಆಮ್ಲಜನಕ ಪರಮಾಣುಗಳು ಎದುರುಬದುರಾಗಿ ನಿಂತರೆ ಆಂಥ್ರಾಕ್ವಿನೋನಿನ ಮೂಲ ಚೌಕಟ್ಟು ಸಿದ್ಧವಾಗುತ್ತದೆ. ಈ ಚೌಕಟ್ಟಿನ ಅಂಚಿಗೆ ಯಾವ ಪರಮಾಣು ಗುಂಪು ಎಲ್ಲಿ ಅಂಟಿಕೊಂಡಿದೆ ಎಂಬುದರ ಮೇಲೆ ವಸ್ತುವಿನ ಬಣ್ಣವೂ ಗುಣವೂ ಬದಲಾಗುತ್ತವೆ. ಲೋಳೆಸರದ ಎಲೆ ಕೊಯ್ದಾಗ ಸಿಪ್ಪೆಯ ಅಡಿಯಿಂದ ಒಸರುವ ಕಹಿಯಾದ ಹಳದಿ ರಸದಲ್ಲಿ, ಅದು ಒಣಗಿ ಆಗುವ ಕರಿಬೋಳದಲ್ಲಿ, ಕಕ್ಕೆಕಾಯಿಯ ತಿರುಳಿನಲ್ಲಿ, ಮಳೆಗಾಲದಲ್ಲಿ ದಾರಿಯ ಬದಿಯಲ್ಲೆಲ್ಲ ಏಳುವ ತಗಚೆಯ ಬೀಜದಲ್ಲಿ ಇರುವುದು ಈ ಕುಟುಂಬವೇ. ತಗಚೆಗೆ ಸಂಸ್ಕೃತದಲ್ಲಿ ದದ್ರುಘ್ನ ಎಂಬ ಹೆಸರಿದೆ. ಗಜಕರ್ಣವನ್ನು ನಾಶಮಾಡುವುದು ಎಂದು ಅದರ ಅರ್ಥ. ಹೆಸರಿಟ್ಟವರಿಗೆ ಉಂಗುರಗಳ ಲೆಕ್ಕ ತಿಳಿದಿರಲಿಲ್ಲ, ಗುಣ ತಿಳಿದಿತ್ತು.

ಕುಟುಂಬದಲ್ಲಿ ಅತಿ ಪ್ರಸಿದ್ಧವಾದುದು ಮಂಜಿಷ್ಠ. ಕಾಫಿಯ ಸಸ್ಯಕುಲಕ್ಕೆ ಸೇರಿದ ಈ ಬಳ್ಳಿಗೆ ನಾಲ್ಕು ಮೂಲೆಯ ಕಾಂಡ, ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳು, ಗಿಣ್ಣಿಗೆ ನಾಲ್ಕರಂತೆ ಹೃದಯದ ಆಕಾರದ ಎಲೆಗಳು. ಮಣ್ಣಿನೊಳಗಿನ ಬೇರು ಕೆಂಪು. ಚರಕಸಂಹಿತೆಯು ಮೈಬಣ್ಣವನ್ನು ಹೆಚ್ಚಿಸುವ ಹತ್ತು ದ್ರವ್ಯಗಳ ಗುಂಪಿನಲ್ಲಿ ಮಂಜಿಷ್ಠವನ್ನು ಸೇರಿಸಿದೆ. ಹಿಮಾಲಯದಿಂದ ಪಶ್ಚಿಮಘಟ್ಟದವರೆಗೆ ಬೆಳೆಯುವ ಈ ಬಳ್ಳಿಯ ಬೇರಿನಲ್ಲಿ ಪರ್ಪ್ಯುರಿನ್, ಮಂಜಿಸ್ಟಿನ್, ರೂಬಿಯಾಡಿನ್ ಮೊದಲಾದ ಆಂಥ್ರಾಕ್ವಿನೋನ್‌ಗಳು ದೊರೆತಿವೆ. ಮಂಜಿಸ್ಟಿನ್ ಎಂಬ ಹೆಸರು ನಮ್ಮ ನೆಲದ ಹೆಸರಿನಿಂದಲೇ ಹುಟ್ಟಿದ್ದು.

ಗಿಡ ಇವನ್ನು ಮನುಷ್ಯನ ಔಷಧಕ್ಕಾಗಿ ತಯಾರಿಸುವುದಿಲ್ಲ. ಶಿಲೀಂಧ್ರ, ಕೀಟ, ಮೇಯುವ ಪ್ರಾಣಿಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಕಟ್ಟಿಕೊಂಡ ಬೇಲಿ ಇದು. ತಗಚೆ, ಲೋಳೆಸರ ಮತ್ತು ಅನೇಕ ಶಿಲೀಂಧ್ರಗಳು ಅಸಿಟೇಟ್ ತುಣುಕುಗಳನ್ನು ಸರಪಳಿಯಂತೆ ಪೋಣಿಸಿ, ಮಡಚಿ ಈ ಉಂಗುರಗಳನ್ನು ರಚಿಸುತ್ತವೆ. ಮಂಜಿಷ್ಠ, ನೋನಿಗಳು ಶಿಕಿಮಿಕ್ ಆಮ್ಲದಿಂದ ಹೊರಡುವ ಬೇರೊಂದು ಹಾದಿ ಹಿಡಿಯುತ್ತವೆ. ಎರಡು ಹಾದಿಗಳಿಂದ ನಿಸರ್ಗ ಒಂದೇ ಚೌಕಟ್ಟನ್ನು ತಲುಪಿದೆಯೆಂದರೆ ಅದರ ಪ್ರಯೋಜನ ಎಷ್ಟಿರಬೇಕು ಎಂಬುದನ್ನು ಊಹಿಸಬಹುದು. ಆದರೆ ಶತ್ರುವನ್ನು ಹಿಮ್ಮೆಟ್ಟಿಸಲೆಂದು ಹುಟ್ಟಿದ ವಸ್ತು ಮಿತ್ರನಿಗೂ ಒಂದು ಮಿತಿಯಲ್ಲಿ ಮಾತ್ರ ಹಿತ ಎಂಬ ಎಚ್ಚರವೂ ಅದರೊಳಗೇ ಅಡಗಿದೆ.

ಬೇರನ್ನು ಬಿಟ್ಟು ಅಣುವನ್ನು ಪಡೆಯಬಹುದೆಂಬ ಸಂಗತಿ ಜಗತ್ತಿಗೆ ಮೊದಲು ತಿಳಿದದ್ದೂ ಈ ಕುಟುಂಬದಿಂದಲೇ. ಮಂಜಿಷ್ಠದ ಯುರೋಪಿನ ಸೋದರ ಗಿಡದ ಬೇರಿನಿಂದ ಅಲಿಝರಿನ್ ಎಂಬ ಕೆಂಪು ವಸ್ತುವನ್ನು 1826ರಲ್ಲಿ ಫ್ರಾನ್ಸಿನ ರೊಬಿಕೆ ಮತ್ತು ಕೊಲಿನ್ ಬೇರ್ಪಡಿಸಿದರು. 1868ರಲ್ಲಿ ಜರ್ಮನಿಯ ಗ್ರೇಬ ಮತ್ತು ಲೀಬರ್ಮನ್ ಕಲ್ಲಿದ್ದಲ ಡಾಂಬರಿನಲ್ಲಿ ಸಿಗುವ ಆಂಥ್ರಸೀನ್‌ನಿಂದ ಅದೇ ಅಲಿಝರಿನ್ ತಯಾರಿಸಿದರು. 1869ರ ಜೂನ್‌ನಲ್ಲಿ ಜರ್ಮನ್ನರ ಪೇಟೆಂಟ್ ಅರ್ಜಿ ಲಂಡನ್ನಿಗೆ ತಲುಪಿದ ಮರುದಿನವೇ ಇಂಗ್ಲೆಂಡಿನ ವಿಲಿಯಂ ಪರ್ಕಿನ್‌ರ ಅರ್ಜಿಯೂ ಬಂತು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಪ್ರೊವಾನ್ಸ್ ಮತ್ತು ಹಾಲೆಂಡಿನ ಬಣ್ಣದ ಬೇರಿನ ಹೊಲಗಳು ಪಾಳುಬಿದ್ದವು. ಅಲ್ಲಿನ ರೈತರು ಬೀದಿಗೆ ಬಂದರು. ಕೆಲವು ದಶಕಗಳ ನಂತರ ಬಂಗಾಳ, ಬಿಹಾರಗಳ ನೀಲಿಯ ಬೆಳೆಗೂ ಇದೇ ಗತಿಯಾಯಿತು.

ಈ ಚರಿತ್ರೆಯಿಂದ ತಿಳಿಯಬೇಕಾದ ಮಾತು ಒಂದಿದೆ. ಅಣು ಬೇರೆ, ಗಿಡ ಬೇರೆ. ಅಣುವಿನ ಮೇಲೆ ನಡೆದ ಸಂಶೋಧನೆ ಗಿಡದ ಮೇಲಿನ ತೀರ್ಪಲ್ಲ. ಅಣು ಬೇಕೆಂದ ಮಾತ್ರಕ್ಕೆ ಕಾಡಿನ ಬೇರನ್ನೇ ಕೀಳಬೇಕೆಂದೂ ಇಲ್ಲ. ಬಣ್ಣದ ಹಂಡೆಯಿಂದ ಬಿಡುಗಡೆ ಪಡೆದ ಬೇರನ್ನು ಔಷಧ ಮತ್ತು ಸೌಂದರ್ಯವರ್ಧಕಗಳ ಮಾರುಕಟ್ಟೆ ಮತ್ತೆ ಕರೆಯುತ್ತಿದೆ. ಈ ಬಾರಿ ಕರೆಯುತ್ತಿರುವುದು ‘ಸಂಶೋಧನೆ’ಯ ಹೆಸರಿನಲ್ಲಿ ಎಂಬುದೇ ವಿಪರ್ಯಾಸ.

ಸಂಶೋಧನೆ ನಿಜವಾಗಿ ಕೊಟ್ಟದ್ದನ್ನು ಅಲ್ಲಗಳೆಯುವಂತಿಲ್ಲ. ಸೋನಾಮುಖಿಯ ಎಲೆ ಮತ್ತು ಕಾಯಿಯಿಂದ ಸೆನ್ನೊಸೈಡ್‌ಗಳನ್ನು 1941ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರ್ಪಡಿಸಿದರು. ಇವು ಹೊಟ್ಟೆಯಲ್ಲಿ ಅರಗದೆ ದೊಡ್ಡ ಕರುಳನ್ನು ತಲುಪುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯ ಭಾಗವನ್ನು ಕಳಚಿದ ಮೇಲೆ ಮಾತ್ರ ಕ್ರಿಯಾಶೀಲ ವಸ್ತು ಹುಟ್ಟಿ ಕರುಳಿನ ಚಲನೆಯನ್ನು ಪ್ರಚೋದಿಸುತ್ತದೆ. ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಯಾರಿಗೆ ಕೂಡದು ಎಂಬುದೆಲ್ಲ ಖಚಿತವಾಗಿದೆ. ಆದ್ದರಿಂದಲೇ ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ರೈತರು ಅದನ್ನು ಹೊಲದಲ್ಲಿ ಬೆಳೆಯುತ್ತಾರೆ. ಕೊಯ್ಯುವುದು ಎಲೆ ಮತ್ತು ಕಾಯಿಯನ್ನು, ಕಾಡಿನ ಬೇರನ್ನಲ್ಲ.

ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸುವ ಕೆಂಪು ಔಷಧ ಡಾಕ್ಸೊರೂಬಿಸಿನ್ ಕೂಡ ಇದೇ ಚೌಕಟ್ಟಿನದು. ಅದು ಗಿಡದಿಂದ ಬಂದುದಲ್ಲ. 1950ರ ದಶಕದಲ್ಲಿ ಇಟಲಿಯ ಕಾಸ್ಟೆಲ್ ಡೆಲ್ ಮೊಂಟೆ ಎಂಬಲ್ಲಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಡಾನೊರೂಬಿಸಿನ್ ದೊರೆಯಿತು. ಆ ಜೀವಿಯ ಮಾರ್ಪಟ್ಟ ತಳಿಯಿಂದ ಡಾಕ್ಸೊರೂಬಿಸಿನ್ ಬಂತು. ಜೀವಕೋಶದ ಡಿಎನ್‌ಎ ಎಳೆಗಳ ನಡುವೆ ಈ ಚಪ್ಪಟೆ ಉಂಗುರಗಳು ತೂರಿ ಕೂರುತ್ತವೆ, ಕೋಶ ವಿಭಜನೆ ನಿಲ್ಲುತ್ತದೆ. ಆದರೆ ಇದೇ ಔಷಧ ಹೃದಯದ ಸ್ನಾಯುವನ್ನೂ ಕೆಡಿಸುತ್ತದೆ. ಒಬ್ಬ ರೋಗಿಗೆ ಜೀವಮಾನದಲ್ಲಿ ಒಟ್ಟು ಎಷ್ಟು ಕೊಡಬಹುದೆಂದು ವೈದ್ಯರು ಲೆಕ್ಕವಿಡುವುದು ಆ ಕಾರಣಕ್ಕೆ. ಜೀವ ಉಳಿಸುವ ಅಣುವಿಗೂ ಲೆಕ್ಕದ ಪುಸ್ತಕ ಬೇಕು.

ಲೆಕ್ಕವಿಲ್ಲದ ಬಳಕೆಯ ಫಲವೂ ದಾಖಲಾಗಿದೆ. ಡಾಂತ್ರಾನ್ ಎಂಬ ಕೃತಕ ಆಂಥ್ರಾಕ್ವಿನೋನ್ ದಶಕಗಳ ಕಾಲ ಭೇದಿಯ ಔಷಧವಾಗಿತ್ತು. ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಾಣಿಸಿಕೊಂಡ ಮೇಲೆ 1987ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಬಣ್ಣದ ಬೇರಿನ ಯುರೋಪಿನ ಗಿಡದಲ್ಲಿ ಲ್ಯೂಸಿಡಿನ್ ಎಂಬ ವಸ್ತು ಡಿಎನ್‌ಎಗೆ ಹಾನಿ ಮಾಡುವುದೆಂದು ಕಂಡುಬಂದಿತು. ಮೂತ್ರಕಲ್ಲಿಗೆ ಬಳಸುತ್ತಿದ್ದ ಆ ಬೇರಿನ ಔಷಧಗಳು 1990ರ ದಶಕದಲ್ಲಿ ಜರ್ಮನಿಯಲ್ಲಿ ನಿಂತವು. ಲೋಳೆಸರದ ಇಡೀ ಎಲೆಯ, ಹಳದಿ ರಸ ತೆಗೆಯದ ಸಾರವನ್ನು ಎರಡು ವರ್ಷ ನೀರಿನಲ್ಲಿ ಕುಡಿಸಿದ ಇಲಿಗಳಲ್ಲಿ ಕರುಳಿನ ಗಡ್ಡೆಗಳು ಉಂಟಾದುದನ್ನು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ವರದಿ ಮಾಡಿತು. ಸಿಪ್ಪೆ ಮತ್ತು ಹಳದಿ ರಸ ತೆಗೆದ ಒಳಗಿನ ಲೋಳೆಯಲ್ಲಿ ಈ ವಸ್ತುಗಳು ತೀರ ಅಲ್ಪ. ಒಂದೇ ಎಲೆಯಲ್ಲಿ ಒಂದು ಬೆರಳಿನ ಅಂತರದಲ್ಲಿ ಹಿತವೂ ಅಹಿತವೂ ಇವೆ.

ಭಾರತದ್ದೇ ಉದಾಹರಣೆ ಇನ್ನಷ್ಟು ಕಠೋರ. ಉತ್ತರಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಪ್ರತಿವರ್ಷ ಮಳೆಗಾಲ ಕಳೆಯುತ್ತಿದ್ದಂತೆ ಸಣ್ಣ ಮಕ್ಕಳು ಏಕಾಏಕಿ ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ವೈರಸ್ಸಿನಿಂದ ಬರುವ ಮೆದುಳುಜ್ವರವೆಂದೇ ಬಹುಕಾಲ ಭಾವಿಸಲಾಗಿತ್ತು. ಬಿಜನೌರ್ ಜಿಲ್ಲೆಯ ಪ್ರಕರಣಗಳನ್ನು ಅಧ್ಯಯನ ಮಾಡಿದ ವೈದ್ಯರ ತಂಡವು ತಗಚೆಯ ಸಂಬಂಧಿಯಾದ ಕಾಸಮರ್ದದ, ಅಂದರೆ ದೊಡ್ಡ ತಗಚೆಯ ಬೀಜಗಳನ್ನು ಮಕ್ಕಳು ತಿಂದದ್ದೇ ಕಾರಣವೆಂದು 2007ರಲ್ಲಿ ಪ್ರಕಟಿಸಿತು. ಯಕೃತ್ತು, ಸ್ನಾಯು, ಮೆದುಳು ಮೂರನ್ನೂ ಬಾಧಿಸುವ ಈ ವಿಷದ ಹಿಂದೆ ಆಂಥ್ರಾಕ್ವಿನೋನ್‌ಗಳಿವೆಯೆಂದು ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯ ಅಧ್ಯಯನಗಳು ಆಮೇಲೆ ತೋರಿಸಿದವು. ಸತ್ತವರು ಬಡವರ ಮಕ್ಕಳು. ಆಟಿ ತಿಂಗಳಲ್ಲಿ ಎಳೆಯ ತಗಚೆ ಸೊಪ್ಪನ್ನು ಬೇಯಿಸಿ ಪಲ್ಯ ಮಾಡುವ ಮನೆಗಳಿಗೆ ಯಾವ ಗಿಡ, ಯಾವ ಭಾಗ, ಯಾವ ಕಾಲ ಎಂಬ ಅರಿವು ತಲೆಮಾರುಗಳಿಂದ ಬಂದಿದೆ. ಆ ಅರಿವು ಹರಿದುಹೋದಲ್ಲಿ ‘ನೈಸರ್ಗಿಕ’ ಎಂಬ ಪದ ಯಾರನ್ನೂ ಕಾಪಾಡುವುದಿಲ್ಲ.

ಹಾಗಾದರೆ ಪ್ರತಿವರ್ಷ ಪ್ರಕಟವಾಗುವ ಅಸಂಖ್ಯ ಪ್ರಬಂಧಗಳು ಹೇಳುವುದೇನು? ಎಮೋಡಿನ್ ಕ್ಯಾನ್ಸರ್ ಕೋಶಗಳನ್ನು ಕೊಂದಿತು, ರೂಬಿಯಾಡಿನ್ ಇಲಿಯ ಯಕೃತ್ತನ್ನು ರಕ್ಷಿಸಿತು, ಇನ್ನೊಂದು ವಸ್ತು ಬ್ಯಾಕ್ಟೀರಿಯಾವನ್ನು ತಡೆಯಿತು. ಇವು ಸುಳ್ಳಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ವಸ್ತುವನ್ನು ನೇರವಾಗಿ ಸುರಿದಾಗ ಕಾಣುವ ಪರಿಣಾಮ ಬೇರೆ, ಬಾಯಿಯ ಮೂಲಕ ಹೋದದ್ದು ಬೇರೆ. ಎಮೋಡಿನ್‌ನಂಥ ವಸ್ತುಗಳನ್ನು ಕರುಳು ಮತ್ತು ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ; ರಕ್ತಕ್ಕೆ ಸೇರುವುದು ಅತ್ಯಲ್ಪ. ಮತ್ತೊಂದು ತೊಡಕೂ ಇದೆ. ಕ್ವಿನೋನ್‌ಗಳು ಎಲೆಕ್ಟ್ರಾನ್‌ಗಳನ್ನು ಸುಲಭವಾಗಿ ಪಡೆದು ಬಿಟ್ಟುಕೊಡುವ ಚಂಚಲ ಸ್ವಭಾವದವು. ಆದ್ದರಿಂದ ಪ್ರಯೋಗನಳಿಕೆಯಲ್ಲಿ ಸಿಕ್ಕಿದ್ದಕ್ಕೆಲ್ಲ ‘ಪರಿಣಾಮ’ ತೋರಿಸಿ ಪ್ರಯೋಗವನ್ನೇ ದಾರಿ ತಪ್ಪಿಸುತ್ತವೆ. 2010ರಲ್ಲಿ ಆಸ್ಟ್ರೇಲಿಯಾದ ಬೇಲ್ ಮತ್ತು ಹಾಲೋವೇ ಇಂಥ ಮೋಸದ ಅಣುಗಳನ್ನು ಪಟ್ಟಿಮಾಡಿದಾಗ ಕ್ವಿನೋನ್‌ಗಳು ಅದರಲ್ಲಿದ್ದವು.

ನೋನಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1993ರಲ್ಲಿ ಜಪಾನಿನ ವಿಜ್ಞಾನಿಗಳು ಆ ಗಿಡದ ಬೇರಿನಿಂದ ಪಡೆದ ಡಾಮ್ನಕ್ಯಾಂಥಾಲ್ ಎಂಬ ಆಂಥ್ರಾಕ್ವಿನೋನ್, ಕ್ಯಾನ್ಸರ್ ಸ್ವಭಾವ ತಳೆದ ಕೋಶಗಳನ್ನು ತಟ್ಟೆಯಲ್ಲಿ ಸಹಜ ರೂಪಕ್ಕೆ ತಂದಿತೆಂದು ವರದಿ ಮಾಡಿದರು. ಕೆಲವೇ ವರ್ಷಗಳಲ್ಲಿ ನೋನಿಯ ರಸ ಜಗತ್ತಿನಾದ್ಯಂತ ಸರಪಳಿ ಮಾರಾಟದ ಸರಕಾಯಿತು. ಪ್ರಬಂಧ ಬರೆದದ್ದು ಬೇರಿನ ಬಗ್ಗೆ. ಸೀಸೆಗೆ ತುಂಬಿದ್ದು ಹಣ್ಣಿನ ರಸ. ರೋಗ ಗುಣವಾಗುವುದೆಂಬ ಪ್ರಚಾರದ ವಿರುದ್ಧ ಅಮೆರಿಕದ ನಾಲ್ಕು ರಾಜ್ಯಗಳು 1998ರಲ್ಲೇ ಕ್ರಮ ಕೈಗೊಂಡಿದ್ದವು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಆ ಸೀಸೆಗೆ ಸಾವಿರಾರು ರೂಪಾಯಿ ತೆತ್ತ ಮನೆಗಳಿಗೆ ಈ ಸುದ್ದಿ ತಲುಪಲೇ ಇಲ್ಲ.

ಸೀಸೆ ಕೊಂಡವರು ಕಳೆದುಕೊಳ್ಳುವುದು ಹಣ, ಕೆಲವೊಮ್ಮೆ ಚಿಕಿತ್ಸೆಯ ಅಮೂಲ್ಯ ಕಾಲ. ಕಾಡು ಕಳೆದುಕೊಳ್ಳುವುದು ಬೇರನ್ನು. ಭಾರತದ ಔಷಧಿಸಸ್ಯಗಳ ಬೇಡಿಕೆ ಮತ್ತು ಪೂರೈಕೆಯನ್ನು ಕುರಿತು 2008ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ 960 ಜಾತಿಗಳು ವ್ಯಾಪಾರದಲ್ಲಿವೆ ಎಂದು ಗುರುತಿಸಿತು. ಅವುಗಳಲ್ಲಿ ವರ್ಷಕ್ಕೆ 100 ಟನ್ನಿಗಿಂತ ಹೆಚ್ಚು ಬಳಕೆಯಾಗುವ ಜಾತಿಗಳು 178. ಈ 178ರಲ್ಲಿ ಕೃಷಿಯಿಂದ ಬರುವವು 36 ಮಾತ್ರ. 91 ಜಾತಿಗಳಿಗೆ ಕಾಡೇ ಆಧಾರ. ಎಲೆ, ಹೂ, ಹಣ್ಣು ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ. ಬೇರು ಕಿತ್ತರೆ ಬಳ್ಳಿಯ ಬಾಳೇ ಮುಗಿಯಿತು. ಹೂಬಿಟ್ಟು ಕಪ್ಪು ಹಣ್ಣು ಉದುರಿಸುವ ಮುನ್ನವೇ ಕಿತ್ತರೆ ಅದರ ಸಂತಾನವೂ ಮುಗಿಯಿತು.

ಪಶ್ಚಿಮಘಟ್ಟ ಈ ಪಾಠವನ್ನು ಒಮ್ಮೆ ಕಲಿತಿದೆ. ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತು (ಇದು ಆಂಥ್ರಾಕ್ವಿನೋನ್ ಅಲ್ಲ) 1966ರಲ್ಲಿ ಚೀನಾದ ಮರವೊಂದರಿಂದ ದೊರೆಯಿತು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ಘಟ್ಟದ ದುರ್ವಾಸನೆ ಮರದಲ್ಲಿ ಗುರುತಿಸಿದರು. 1996ರಲ್ಲಿ ಅದರಿಂದ ತಯಾರಿಸಿದ ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತ ಮೇಲೆ ಬೇಡಿಕೆ ಏರಿತು. ಯಾರೂ ಲೆಕ್ಕಿಸದಿದ್ದ ಮರ ಚಕ್ಕೆಚಕ್ಕೆಯಾಗಿ ಘಟ್ಟ ಇಳಿಯಿತು. ಅದೇ ವಸ್ತುವನ್ನು ಮರದೊಳಗೆ ವಾಸಿಸುವ ಶಿಲೀಂಧ್ರವೂ ತಯಾರಿಸುತ್ತದೆಂದು 2005ರಲ್ಲಿ ತಿಳಿಯುವ ಹೊತ್ತಿಗೆ ಎಷ್ಟೋ ಕಾಡುಗಳಲ್ಲಿ ಮರ ಉರುಳಿಯಾಗಿತ್ತು. ಅಣುವಿನ ಸುದ್ದಿ ಮೊದಲು, ಪರ್ಯಾಯದ ಸುದ್ದಿ ಆಮೇಲೆ. ನಡುವಿನ ಅವಧಿಯ ಸಾಲವನ್ನು ತೀರಿಸಿದ್ದು ಕಾಡು.

ಆಂಥ್ರಾಕ್ವಿನೋನ್‌ಗಳ ವಿಷಯದಲ್ಲಿ ಆ ನೆಪವೂ ಇಲ್ಲ. ಪರ್ಯಾಯದ ಸುದ್ದಿ ಎಂದೋ ಬಂದಿದೆ. 1975ರಲ್ಲೇ ಜರ್ಮನಿಯ ಝೆಂಕ್ ಮತ್ತು ಸಂಗಡಿಗರು ನೋನಿಯ ಜೀವಕೋಶಗಳನ್ನು ದ್ರವದಲ್ಲಿ ಬೆಳೆಸಿ, ಗಿಡದ ಬೇರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಈ ವಸ್ತುಗಳನ್ನು ಪಡೆದು ತೋರಿಸಿದ್ದರು. ಶಿಲೀಂಧ್ರಗಳಿಂದಲೂ ಸಾಧ್ಯ, ಸಂಶ್ಲೇಷಣೆಯಿಂದಲೂ ಸಾಧ್ಯ. ಇಡೀ ಬೇರೇ ಬೇಕೆನ್ನುವ ಆಯುರ್ವೇದಕ್ಕೆ ಕೃಷಿಯ ದಾರಿ ತೆರೆದಿದೆ. ಮಂಜಿಷ್ಠದ ಕಾಂಡದ ತುಂಡು ನೆಟ್ಟರೆ ಬೇರೊಡೆಯುತ್ತದೆ. ಸೊಪ್ಪಿನಬೆಟ್ಟದ ಅಂಚು, ತೋಟದ ಬೇಲಿ, ಕಾಫಿಯ ನೆರಳು ಅದಕ್ಕೆ ಸಾಕು. ಕಾಡಿನಿಂದ ಕಿತ್ತ ಬೇರು ಅಗ್ಗವಾಗಿ ಸಿಗುವವರೆಗೆ ಮಾತ್ರ ಯಾರೂ ನೆಡಲು ಮುಂದಾಗುವುದಿಲ್ಲ. ಮೂರು ವರ್ಷ ಕಾದು ಬೆಳೆಸಿದ ಬೇರಿಗೂ ಒಂದು ದಿನದಲ್ಲಿ ಕಿತ್ತು ತಂದ ಬೇರಿಗೂ ಒಂದೇ ದರವಾದರೆ ಕೃಷಿ ಹೇಗೆ ಉಳಿದೀತು?

ಬೇರು ಕೀಳುವವರನ್ನು ದೂರುವುದು ಸುಲಭ. ಮಳೆಗಾಲದ ಮುನ್ನ ನಾಲ್ಕು ಕಾಸು ಕಾಣಬೇಕಾದ ಕೂಲಿಯವನಿಗೆ ದಲ್ಲಾಳಿ ಹೇಳಿದ್ದೇ ದರ. ಅವನ ಜ್ಞಾನಕ್ಕೂ ಶ್ರಮಕ್ಕೂ ಪಾಲು ಸಿಗಬೇಕೆಂಬುದೇ 2002ರ ಜೀವವೈವಿಧ್ಯ ಕಾಯ್ದೆಯ ಆಶಯವಾಗಿತ್ತು. ಭಾರತೀಯ ಕಂಪನಿಗಳೂ ಲಾಭದ ನ್ಯಾಯವಾದ ಪಾಲನ್ನು ಸ್ಥಳೀಯರಿಗೆ ಕೊಡಬೇಕೆಂದು ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆಗೆ ವಿನಾಯಿತಿ ನೀಡಿತು. ಕಾಯ್ದೆ ಮುರಿದವರಿಗಿದ್ದ ಸೆರೆವಾಸವನ್ನು ತೆಗೆದು ದಂಡಕ್ಕೆ ಇಳಿಸಿತು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಮಂಜಿಷ್ಠ ಚರಕನ ಗ್ರಂಥದಲ್ಲಿದೆ. ಹೆಸರು ಗ್ರಂಥದಲ್ಲಿದ್ದರೂ ಬೇರು ಇರುವುದು ಕಾಡಿನ ಮಣ್ಣಿನಲ್ಲಿ, ಅದನ್ನು ಕಾಯ್ದವರು ಕಾಡಿನಂಚಿನ ಜನ ಎಂಬ ಸರಳ ಸತ್ಯಕ್ಕೆ ಈ ತಿದ್ದುಪಡಿಯಲ್ಲಿ ಜಾಗವಿಲ್ಲ. ತಿದ್ದುಪಡಿಯನ್ನು ಪ್ರಶ್ನಿಸುವ ಕೆಲಸ ಗ್ರಾಮಸಭೆಗಳಿಂದಲೇ ಆರಂಭವಾಗಬೇಕು.

ಅಲ್ಲಿಯವರೆಗೆ ಕೈಗೆಟಕುವ ಕೆಲಸಗಳು ಕಡಿಮೆಯೇನಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತನ್ನ ವ್ಯಾಪ್ತಿಯ ಸಂಗ್ರಹದ ಮೇಲೆ ಶುಲ್ಕ ವಿಧಿಸುವ ಅಧಿಕಾರವಿದೆ. ಬಹುತೇಕ ಸಮಿತಿಗಳು ಕಾಗದದ ಮೇಲೆ ಮಲಗಿವೆ. ಅವು ಎಚ್ಚರಗೊಂಡು ಎಲ್ಲಿ ಎಷ್ಟು ಬಳ್ಳಿಯಿದೆ, ವರ್ಷಕ್ಕೆ ಎಷ್ಟು ಬೇರು ಹೊರಹೋಗುತ್ತಿದೆ ಎಂಬುದನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕು. ಹಣ್ಣು ಉದುರುವ ಮುನ್ನ ಬೇರು ಮುಟ್ಟಕೂಡದೆಂಬ, ಬುಡದ ಒಂದು ಪಾಲನ್ನು ಮಣ್ಣಿನಲ್ಲಿಯೇ ಬಿಡಬೇಕೆಂಬ ನಿಯಮವನ್ನು ಸಂಗ್ರಹಿಸುವವರೊಡನೆ ಕುಳಿತೇ ರೂಪಿಸಬೇಕು. ಬೆಳೆದ ಬೇರಿಗೆ ಬೇರೆ ದರ ದೊರಕಿಸಲು ಸಹಕಾರ ಸಂಘಗಳು ಮುಂದಾಗಬೇಕು. ಕೃಷಿ ವಿಶ್ವವಿದ್ಯಾಲಯಗಳು ಇನ್ನೊಂದು ಕೋಶಪ್ರಯೋಗದ ಪ್ರಬಂಧಕ್ಕಿಂತ ಮೊದಲು ಒಳ್ಳೆಯ ಸಸಿಯನ್ನೂ ಬೆಳೆಯುವ ಕ್ರಮವನ್ನೂ ರೈತರ ಕೈಗಿಡಬೇಕು. ಮಾರಾಟಕ್ಕೆ ಬರುವ ಬೇರಿನಲ್ಲಿ ಲ್ಯೂಸಿಡಿನ್‌ನಂಥ ವಸ್ತುಗಳಿವೆಯೇ ಎಂದು ಪರೀಕ್ಷಿಸುವ ವ್ಯವಸ್ಥೆಯೂ ಬರಬೇಕು.

ಓದುಗರ ಪಾಲಿಗೆ ಉಳಿದಿರುವುದು ಕೇಳುವ ಹಕ್ಕು. ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂದವರನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ಗಿಡದ ಯಾವ ಭಾಗದ ಮೇಲೆ? ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ. ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ? ಈ ಡಬ್ಬಿಯೊಳಗಿನ ಬೇರು ಯಾವ ಹೊಲದ್ದು, ಯಾವ ಕಾಡಿನದ್ದು? ಮೊದಲೆರಡಕ್ಕೆ ವಿಜ್ಞಾನ ಉತ್ತರ ಕೊಟ್ಟೀತು. ಮೂರನೆಯದನ್ನು ಕೊಳ್ಳುವವರು ಕೇಳದಿದ್ದರೆ ಮಾರುವವರು ಎಂದಿಗೂ ತಾವಾಗಿ ಹೇಳುವುದಿಲ್ಲ. ಅಷ್ಟರಲ್ಲಿ ಕಾಡಿನಂಚಿನಲ್ಲಿ ಕೀಳಲು ಬೇರೂ ಉಳಿದಿರುವುದಿಲ್ಲ.